ಮಿತವ್ಯಯದ ಗಡಿಯಾರ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಗೃಹಸ್ಥನಿಗೆ ಇದಕ್ಕಿಂತ ಹಿತವಾದ ಬೋಧೆ ಬೇರೊಂದಿರಲಾರದು. ಆದರೆ ಈ ಗಾದೆಯನ್ನು ಕಟ್ಟಿದವರು ಹಾಸಿಗೆಯೂ ಕಾಲೂ ಒಬ್ಬನವೇ ಎಂದು ಭಾವಿಸಿದ್ದರೆಂದು ತೋರುತ್ತದೆ. ಸರ್ಕಾರವು ಮಿತವ್ಯಯಕ್ಕೆ ಹೊರಟಾಗ ಹಾಸಿಗೆಯ ಅಳತೆ ತೆಗೆಯುವವರು ಒಬ್ಬರು, ಕಾಲು ಮಡಚಿಕೊಳ್ಳಬೇಕಾದವರು ಮತ್ತೊಬ್ಬರು. ಅಳೆಯುವವರು ದೆಹಲಿಯ ಸಚಿವಾಲಯದಲ್ಲಿರುತ್ತಾರೆ. ಮಡಚಿಕೊಳ್ಳುವವರು ನಮ್ಮ ನೆರೆಮನೆಯಲ್ಲಿರುತ್ತಾರೆ. ಆಯವ್ಯಯ ಪತ್ರಿಕೆಯಲ್ಲಿ ಒಂದು ಅಂಕಿ ಚಿಕ್ಕದಾದರೆ ಅದನ್ನು ಓದುವವರಿಗೆ ಸಮಾಧಾನವಾಗುವುದು ಸಹಜವೇ. ಆ ಅಂಕಿ ಹೇಗೆ ಚಿಕ್ಕದಾಯಿತು, ಯಾರ ಮನೆಯಲ್ಲಿ ಅದು ತನ್ನ ಕೊರತೆಯನ್ನು ತುಂಬಿಸಿಕೊಂಡಿತು ಎಂಬುದನ್ನು ಕುರಿತು ಮಾತ್ರ ಯಾವ ಪತ್ರಿಕೆಯೂ ಅಚ್ಚಾಗುವುದಿಲ್ಲ.

ನಾನು ಬೆಂಗಳೂರಿನ ಉತ್ತರ ಭಾಗದಲ್ಲಿ ಬಹು ವರ್ಷಗಳಿಂದ ವಾಸವಾಗಿರುವವನು. ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಇದಕ್ಕಿಂತ ತಕ್ಕ ಸ್ಥಳವಿಲ್ಲವೆಂದು ನನ್ನ ಅಭಿಪ್ರಾಯ. ಯಶವಂತಪುರವನ್ನು ದಾಟಿ ಜಾಲಹಳ್ಳಿಗೆ ಬಂದರೆ 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಎಂದರೆ ನಮ್ಮೆಲ್ಲರ ಬಾಯಲ್ಲಿ ಎಚ್.ಎಂ.ಟಿ. ಅದೇ ಜಾಲಹಳ್ಳಿಯಲ್ಲಿ 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್. ಅಲ್ಲಿಂದ ಕೆಲವು ಮೈಲಿ ಈಶಾನ್ಯಕ್ಕೆ ನಡೆದರೆ ಯಲಹಂಕದಲ್ಲಿ 1984ರಿಂದ ರೈಲುಬಂಡಿಗಳಿಗೆ ಗಾಲಿ, ಅಚ್ಚುಗಳನ್ನು ಮಾಡಿಕೊಡುತ್ತಿರುವ ರೈಲು ಗಾಲಿ ಕಾರ್ಖಾನೆ. ಈ ಮೂರು ಹೆಬ್ಬಾಗಿಲುಗಳ ಹಿಂದೆಯೂ ಯಜಮಾನನ ಸ್ಥಾನದಲ್ಲಿರುವುದು ಕೇಂದ್ರ ಸರ್ಕಾರವೇ. ಒಂದರ ಮೇಲೆ ಭಾರಿ ಕೈಗಾರಿಕೆಗಳ ಸಚಿವಾಲಯದ ಆಡಳಿತ, ಇನ್ನೊಂದರ ಮೇಲೆ ರಕ್ಷಣಾ ಸಚಿವಾಲಯದ್ದು, ಮೂರನೆಯದರ ಮೇಲೆ ರೈಲ್ವೆಯದು. ಮೂರರ ನೌಕರರೂ ಅಕ್ಕಿ ಬೇಳೆ ತರುವುದು ಒಂದೇ ಪೇಟೆಯಿಂದ. ಮನೆ ಬಾಡಿಗೆ ಕೊಡುವುದು ಒಂದೇ ಊರಿನಲ್ಲಿ. ಆದರೂ ಯಜಮಾನನ ಕೈ ಬಿಗಿಯಾದಾಗ ಮೂವರ ಪಾಡೂ ಮೂರು ತೆರನಾಯಿತು.

ಎಚ್.ಎಂ.ಟಿ.ಯ ಕತೆಯಿಂದಲೇ ತೊಡಗುವುದು ನ್ಯಾಯ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶಕ್ಕೆ ಬೇಕಾಗಿದ್ದುದು ಯಂತ್ರಗಳನ್ನು ಹುಟ್ಟಿಸುವ ತಾಯಿಯಂತ್ರಗಳು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದೊಡನೆ ಜಾಲಹಳ್ಳಿಯ ಬಯಲಿನಲ್ಲಿ ಅವುಗಳ ತಯಾರಿಕೆ ಪ್ರಾರಂಭವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯೊಡನೆ ಒಪ್ಪಂದವಾಗಿ ಕೈಗಡಿಯಾರದ ಕೆಲಸವೂ ಕೂಡಿಕೊಂಡಿತು. ಜನತಾ, ಸೋನಾ, ಪೈಲಟ್, ಕಾಂಚನ ಎಂಬ ಹೆಸರುಗಳನ್ನು ಕೇಳದ ಮನೆ ಕನ್ನಡ ನಾಡಿನಲ್ಲಿರಲಿಲ್ಲ. ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಎಚ್.ಎಂ.ಟಿ., ಅಳಿಯನ ಕೈಗೆ ಎಚ್.ಎಂ.ಟಿ., ನೌಕರಿಯಿಂದ ನಿವೃತ್ತನಾದವನಿಗೆ ಹಾರದೊಡನೆ ಎಚ್.ಎಂ.ಟಿ. ಶ್ರೀನಗರದಲ್ಲಿಯೂ ತುಮಕೂರಿನಲ್ಲಿಯೂ ರಾಣಿಬಾಗಿನಲ್ಲಿಯೂ ಅದರ ಗಡಿಯಾರದ ಕಾರ್ಖಾನೆಗಳೆದ್ದವು. ದೇಶಕ್ಕೇ ಹೊತ್ತು ತಿಳಿಸುತ್ತೇವೆಂದು ಆ ಸಂಸ್ಥೆ ಜಾಹೀರಾತಿನಲ್ಲಿ ಹೇಳಿಕೊಂಡರೆ ಅದು ಬಡಾಯಿಯಾಗಿರಲಿಲ್ಲ.

ಅನಂತರ ಬಂದ ಇಳಿಗಾಲಕ್ಕೆ ಕಾರಣಗಳು ಹಲವು. ಕ್ವಾರ್ಟ್ಜ್ ಗಡಿಯಾರದ ಯುಗ ಬಂದಾಗಲೂ ಸಂಸ್ಥೆಯು ಕೀಲಿ ಕೊಡುವ ಗಡಿಯಾರದ ಮೇಲೆಯೇ ಹೆಚ್ಚು ಭಾರ ಹಾಕಿತು. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರ್ಕಾರದ ಉದ್ಯಮ ನಿಗಮವೂ ಕೂಡಿ ಸ್ಥಾಪಿಸಿದ ಟೈಟನ್ ಬೇಗನೆ ಪೇಟೆಯನ್ನು ಆಕ್ರಮಿಸಿತು. 1991ರ ಜುಲೈ ತಿಂಗಳಲ್ಲಿ ಪ್ರಕಟವಾದ ಹೊಸ ಕೈಗಾರಿಕಾ ನೀತಿಯೊಡನೆ ಸಾರ್ವಜನಿಕ ಉದ್ಯಮಗಳು ತಮ್ಮ ಅನ್ನವನ್ನು ತಾವೇ ದುಡಿದುಕೊಳ್ಳಬೇಕೆಂಬ ತತ್ತ್ವ ಬಲವಾಯಿತು. ಇದೆಲ್ಲವೂ ತಿಳಿದ ಸಂಗತಿ. ನಾನು ಇಲ್ಲಿ ವಾಚಕರ ಗಮನಕ್ಕೆ ತರಬಯಸುವುದು ಅಷ್ಟಾಗಿ ಯಾರೂ ಕಣ್ಣಿಟ್ಟು ನೋಡದ ಒಂದು ಸಣ್ಣ ನಿಯಮವನ್ನು.

ಸಾರ್ವಜನಿಕ ಉದ್ಯಮಗಳ ವೇತನ ಶ್ರೇಣಿಗಳಿಗೆ ಅವು ಪರಿಷ್ಕೃತವಾದ ವರ್ಷದ ಹೆಸರನ್ನೇ ಇಟ್ಟು ಕರೆಯುವುದು ರೂಢಿ: 1987ರ ಶ್ರೇಣಿ, 1992ರ ಶ್ರೇಣಿ, 1997ರ ಶ್ರೇಣಿ, 2007ರ ಶ್ರೇಣಿ. ಬೆಲೆಗಳು ಏರಿ, ಊರು ಬೆಳೆದು, ಬದುಕಿನ ಅಗತ್ಯಗಳು ಬದಲಾದ ಹಾಗೆ ಶ್ರೇಣಿಯೂ ಹೊಸದಾಗಬೇಕೆಂಬುದು ಇದರ ಉದ್ದೇಶ. ಆದರೆ 1990ರ ದಶಕದಿಂದೀಚೆಗೆ ಇದಕ್ಕೆ ಒಂದು ಷರತ್ತು ಅಂಟಿಕೊಂಡಿತು. ಪರಿಷ್ಕರಣೆಯ ವೆಚ್ಚವನ್ನು ಉದ್ಯಮವೇ ತನ್ನ ಸಂಪಾದನೆಯಿಂದ ಭರಿಸತಕ್ಕದ್ದು. ಸರ್ಕಾರದ ಬೊಕ್ಕಸದಿಂದ ಅದಕ್ಕಾಗಿ ಹಣ ದೊರೆಯತಕ್ಕದ್ದಲ್ಲ. ಲಾಭದಲ್ಲಿರುವ ಉದ್ಯಮಕ್ಕೆ ಈ ಷರತ್ತು ಹಗುರವಾದುದು. ನಷ್ಟದಲ್ಲಿರುವ ಉದ್ಯಮದ ನೌಕರನಿಗೆ ಇದರ ಅರ್ಥವಿಷ್ಟೆ: ನಿನ್ನ ಸಂಬಳದ ಗಡಿಯಾರ ಇಂತಹ ವರ್ಷದಲ್ಲಿ ನಿಂತಿತು.

ಹಾಗಾದರೆ ತುಟ್ಟಿಭತ್ಯವಿಲ್ಲವೆ ಎಂದು ಬಲ್ಲವರು ಕೇಳಬಹುದು. ಇದೆ, ಹಳೆಯ ಮೂಲವೇತನದ ಮೇಲೆಯೇ ಅದು ಏರುತ್ತದೆ. ಆದರೆ ಮನೆ ಬಾಡಿಗೆ ಭತ್ಯಕ್ಕೆ ಆಧಾರ ಮೂಲವೇತನ. ಬೆಂಗಳೂರಿನ ಬಾಡಿಗೆ ಯಾವ ಮೂಲವೇತನವನ್ನು ನೋಡಿ ಏರಿತು? ಕೆಲಸ ಬಿಡುವಾಗ ದೊರೆಯುವ ಗ್ರಾಚ್ಯುಟಿಗೂ ಆಧಾರ ಕೊನೆಯ ವೇತನವೇ: ಆ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಭವಿಷ್ಯನಿಧಿಗೆ ಕಟ್ಟುವ ಹಣವೂ ವೇತನದ ಒಂದು ಪಾಲು. ಸ್ವಯಂನಿವೃತ್ತಿಯ ಪರಿಹಾರವೂ ಹೀಗೆಯೇ. ಗುಜರಾತ್ ಮಾದರಿಯೆಂದು ಹೆಸರಾದ ಕ್ರಮದಲ್ಲಿ ದುಡಿದ ಪ್ರತಿ ವರ್ಷಕ್ಕೆ 35 ದಿನಗಳ ವೇತನ, ಉಳಿದಿರುವ ಪ್ರತಿ ವರ್ಷಕ್ಕೆ 25 ದಿನಗಳ ವೇತನ. ಎಲ್ಲಿ ನೋಡಿದರೂ ಅದೇ ವೇತನ! ಒಂದು ಕಡೆ ನಿಂತ ಮುಳ್ಳು ನಾಲ್ಕು ಕಡೆ ತಪ್ಪು ಹೊತ್ತನ್ನು ತೋರಿಸುತ್ತದೆ. ಮಿತವ್ಯಯದ ಆಜ್ಞೆಯಾದರೋ ಒಂದೇ; ಕಡಿತವು ಮಾತ್ರ ನಾಲ್ಕು ಸಲ.

ಕೊನೆಗೆ ಬರುವುದು ಪಿಂಚಣಿ. ಇಂತಹ ಉದ್ಯಮದ ಕಾರ್ಮಿಕನಿಗೆ ಸರ್ಕಾರಿ ನೌಕರನ ಪಿಂಚಣಿಯಿಲ್ಲ; 1995ರ ನವೆಂಬರಿನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯೇ ಅವನಿಗೆ ಗತಿ. ಅಲ್ಲಿ ಪಿಂಚಣಿಗೆ ಲೆಕ್ಕಕ್ಕೆ ಹಿಡಿಯುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 2001ರಿಂದ 2014ರ ವರೆಗೆ ಸಾಮಾನ್ಯವಾಗಿ ಹಾಗೆ ಲೆಕ್ಕಕ್ಕೆ ಹಿಡಿಯುತ್ತಿದ್ದ ವೇತನದ ಮೇಲ್ಮಿತಿ 6,500 ರೂಪಾಯಿ. ಯೋಜನೆ ಬಂದ ಮೇಲೆ 15 ವರ್ಷ ದುಡಿದು 2010ರಲ್ಲಿ 58 ತುಂಬಿ ನಿವೃತ್ತನಾದವನಿಗೆ ಈ ಸೂತ್ರದಂತೆ ತಿಂಗಳಿಗೆ 1,393 ರೂಪಾಯಿ ಬರುತ್ತದೆ. 1995ಕ್ಕೆ ಹಿಂದಿನ ಸೇವೆಗಾಗಿ ಸಣ್ಣದೊಂದು ಮೊತ್ತ ಅದಕ್ಕೆ ಕೂಡುತ್ತದೆ. ಬೆಲೆ ಏರಿದಂತೆ ಏರುವ ಗುಣ ಈ ಪಿಂಚಣಿಗಿಲ್ಲ. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಯೆಂದು ಗೊತ್ತುಮಾಡಿದುದನ್ನೇ ದೊಡ್ಡ ಉಪಕಾರವೆಂದು ಬಗೆಯಬೇಕಾಯಿತೆಂದರೆ ಅದಕ್ಕೆ ಮುಂಚಿನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಅಂಕಿಗಳ ಮಾತು ಇಷ್ಟು ಸಾಕು. ನನ್ನ ಪರಿಚಯದ ಹಿರಿಯರೊಬ್ಬರಿದ್ದಾರೆ. ಒಂದು ಸಾರ್ವಜನಿಕ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ದುಡಿದವರು. ಅದು ಯಾವುದೆಂದು ಹೇಳುವುದು ಅವರಿಗೆ ಇಷ್ಟವಿಲ್ಲ, ನಾನೂ ಹೇಳೆನು. ಒಂದು ಸಂಜೆ ಮಾತಿನ ನಡುವೆ ಕಾರ್ಖಾನೆಯ ಕೊನೆಯ ವರ್ಷಗಳಲ್ಲಿ ಸಂಬಳ ಕಡಿಮೆ ಮಾಡಿದರೆ ಎಂದು ಕೇಳಿದೆನು. ಅವರು ನಕ್ಕರು. "ಕಡಿಮೆ ಮಾಡ್ತೀವಿ ಅಂತ ಯಾವತ್ತೂ ಯಾರೂ ಹೇಳಲಿಲ್ಲ ಸಾರ್. ಅಷ್ಟೇ ಇರಲಿ ಅಂದ್ರು. ಆಮೇಲೆ ತಿಂಗಳ ಕೊನೇಲಿ ಕೊಡೋದನ್ನ ಮುಂದಿನ ತಿಂಗಳು ಹತ್ತಕ್ಕೆ ಕೊಟ್ಟರು, ಅದಾದ ಮೇಲೆ ಇಪ್ಪತ್ತಕ್ಕೆ" ಎಂದರು. ಕಾಫಿಯ ಲೋಟ ತಂದಿಟ್ಟ ಅವರ ಮನೆಯವರು ಒಳಗೆ ಹೋಗುತ್ತ, "ಅಷ್ಟೇ ಇರಲಿ ಅಂತ ಮನೆ ಓನರಿಗೆ ಯಾರು ಹೇಳ್ತಾರೆ? ಅದನ್ನೂ ಅವರೇ ಬಂದು ಹೇಳಬೇಕಾಗಿತ್ತು" ಎಂದರು. ಆಕೆ ಆ ವರ್ಷಗಳಲ್ಲಿ ಮಕ್ಕಳ ಪುಸ್ತಕದ ಹಿಂಬದಿಯ ಖಾಲಿ ಹಾಳೆಗಳಲ್ಲಿ ಬರೆದಿಟ್ಟ ಮನೆಯ ಲೆಕ್ಕವನ್ನು ನಾನು ನೋಡಿದ್ದೇನೆ. ಅದರಲ್ಲಿ ಮೊದಲು ಕಾಣೆಯಾದುದು ಹಣ್ಣು, ಅನಂತರ ಎರಡನೆಯ ಹಾಲಿನ ಪಾವು, ಮಗಳು ಪಿ.ಯು.ಸಿ. ಮುಗಿಸಿದ ವರ್ಷ ಎರಡು ಚಿನ್ನದ ಬಳೆ. ಖರ್ಚಿನ ಸಾಲಿನಲ್ಲಿ ಕಾಲೇಜಿನ ಶುಲ್ಕ ಮಾತ್ರ ಒಂದು ತಿಂಗಳೂ ತಪ್ಪಿರಲಿಲ್ಲ. ವಿತ್ತಮಂತ್ರಿಗಳ ಮುಂಗಡಪತ್ರಗಳನ್ನು ಎಷ್ಟೋ ವರ್ಷಗಳಿಂದ ಓದಿದ್ದೇನೆ. ಯಾವುದನ್ನು ಕಡಿಯಬೇಕು, ಯಾವುದನ್ನು ಕಡಿಯಬಾರದು ಎಂಬ ವಿವೇಕ ಅಷ್ಟು ಸ್ಪಷ್ಟವಾಗಿರುವ ಆಯವ್ಯಯವನ್ನು ಬೇರೆಲ್ಲಿಯೂ ಕಂಡಿಲ್ಲ.

ಇನ್ನು ಯಲಹಂಕದ ಹೆಬ್ಬಾಗಿಲಿಗೆ ಬರೋಣ. ರೈಲು ಗಾಲಿ ಕಾರ್ಖಾನೆಯ ನೌಕರರು ನೇರವಾಗಿ ಕೇಂದ್ರ ಸರ್ಕಾರದ ನೌಕರರು. ಲಾಭ ನಷ್ಟಗಳ ಗೊಡವೆಯಿಲ್ಲದೆ ವೇತನ ಆಯೋಗದ ಶಿಫಾರಸುಗಳು ಅವರಿಗೆ ಸಲ್ಲುತ್ತವೆ. ಅವರ ಗಡಿಯಾರ ನಿಲ್ಲದು ಎಂದೇ ಎಲ್ಲರೂ ಎಣಿಸಿದ್ದರು. ಆದರೆ 2020ರ ಏಪ್ರಿಲಿನಲ್ಲಿ, ಕೊರೋನಾ ಸಾಂಕ್ರಾಮಿಕವು ದೇಶವನ್ನು ಹಿಡಿದ ದಿನಗಳಲ್ಲಿ, ಕೇಂದ್ರ ಸರ್ಕಾರವು ತನ್ನ ನೌಕರರ ಮತ್ತು ಪಿಂಚಣಿದಾರರ ತುಟ್ಟಿಭತ್ಯದ ಮೂರು ಕಂತುಗಳನ್ನು ತಡೆಹಿಡಿಯಿತು. ಕರ್ನಾಟಕ ಸರ್ಕಾರವೂ ಇದೇ ದಾರಿಯನ್ನು ತುಳಿಯಿತು. ಕೇಂದ್ರದಲ್ಲಿ ಭತ್ಯವು ಶೇಕಡಾ 17ರಲ್ಲಿಯೇ ಹದಿನೆಂಟು ತಿಂಗಳು ನಿಂತು, 2021ರ ಜುಲೈ ಒಂದರಿಂದ ಶೇಕಡಾ 28ಕ್ಕೆ ಏರಿತು. ನಡುವಿನ ಹದಿನೆಂಟು ತಿಂಗಳ ಬಾಕಿಯನ್ನು ಕೊಡಲಿಲ್ಲ. ಇದರಿಂದ ಉಳಿತಾಯವಾದುದು 34,402 ಕೋಟಿ ರೂಪಾಯಿಯೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು.

ಈ ಮಹಾಮೊತ್ತವನ್ನು ಒಂದು ಮನೆಯ ಅಳತೆಗೆ ಇಳಿಸಿ ನೋಡೋಣ. ತಿಂಗಳಿಗೆ 30,000 ರೂಪಾಯಿ ಮೂಲವೇತನವುಳ್ಳ ಒಬ್ಬ ಕುಶಲ ಕೆಲಸಗಾರನನ್ನು ಕಲ್ಪಿಸಿಕೊಳ್ಳಿ. ತಡೆಹಿಡಿದ ಕಂತುಗಳು ಕ್ರಮವಾಗಿ ಶೇಕಡಾ 4, 3 ಮತ್ತು 4. ಮೊದಲ ಆರು ತಿಂಗಳು 1,200 ರೂಪಾಯಿ, ಮುಂದಿನ ಆರು ತಿಂಗಳು 2,100 ರೂಪಾಯಿ, ಕೊನೆಯ ಆರು ತಿಂಗಳು 3,300 ರೂಪಾಯಿ ಪ್ರತಿ ತಿಂಗಳೂ ಅವನ ಕೈಗೆ ಬರಲಿಲ್ಲ. ಕೂಡಿದರೆ 39,600 ರೂಪಾಯಿ. ದೇಶವೇ ಆಪತ್ತಿನಲ್ಲಿದ್ದಾಗ, ಕೂಲಿಯವನ ಒಲೆಯೇ ಆರಿದ್ದಾಗ, ತಿಂಗಳ ಸಂಬಳವುಳ್ಳವನು ಇಷ್ಟನ್ನು ತೆತ್ತುದು ಹೆಚ್ಚೇನೂ ಅಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ತೆತ್ತವನ ಹೆಸರಿನಲ್ಲಿ ಅದನ್ನು ಸಾಲವೆಂದಾಗಲಿ, ದಾನವೆಂದಾಗಲಿ ಯಾರೂ ಬರೆದುಕೊಳ್ಳಲಿಲ್ಲ. ಯುದ್ಧಕಾಲದಲ್ಲಿ ಬಂಗಾರ ಕೊಟ್ಟವನಿಗೆ ರಸೀದಿಯಾದರೂ ದೊರೆಯುತ್ತಿತ್ತು.

ಇದೇ ಹೆಬ್ಬಾಗಿಲಿನೊಳಗೆ ಇನ್ನೊಂದು ಗೋಡೆಯಿದೆ. ಅದು ಕಣ್ಣಿಗೆ ಕಾಣುವುದಿಲ್ಲ. 2004ರ ಜನವರಿ ಒಂದಕ್ಕೆ ಮೊದಲು ಕೆಲಸಕ್ಕೆ ಸೇರಿದವನಿಗೆ ಕೊನೆಯ ವೇತನವನ್ನು ಅನುಸರಿಸಿದ, ಬೆಲೆಯೊಡನೆ ಏರುವ ಪಿಂಚಣಿ. ಆ ದಿನದಿಂದೀಚೆಗೆ ಸೇರಿದವನು ತನ್ನ ವೇತನದಲ್ಲಿ ಒಂದು ಭಾಗವನ್ನು ಕಟ್ಟಿ, ಅದು ಪೇಟೆಯಲ್ಲಿ ಬೆಳೆದಷ್ಟು ಪಡೆಯಬೇಕು. ರಾಜ್ಯ ಸರ್ಕಾರದಲ್ಲಿ ಇದೇ ಗಡಿ 2006ರ ಏಪ್ರಿಲ್ ಒಂದು. 2025ರ ಏಪ್ರಿಲಿನಿಂದ ಕೇಂದ್ರವು ಏಕೀಕೃತ ಪಿಂಚಣಿಯೆಂಬ ಮಧ್ಯಮಾರ್ಗವೊಂದನ್ನು ತೆರೆದಿದೆಯಾದರೂ ಹಳೆಯ ಪಿಂಚಣಿಯಲ್ಲಿ ನೌಕರನು ತನ್ನ ಕೈಯಿಂದ ಏನನ್ನೂ ಕಟ್ಟಬೇಕಾಗಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಒಂದೇ ಗಾಲಿಯನ್ನು ಇಬ್ಬರು ಎತ್ತಿ ಇಡುತ್ತಾರೆ; ಮುದಿತನದಲ್ಲಿ ಅವರ ಊಟದ ತಟ್ಟೆಗಳು ಬೇರೆ ಬೇರೆ.

ಭಾರತ್ ಎಲೆಕ್ಟ್ರಾನಿಕ್ಸಿನ ಮಾತು ಹೆಚ್ಚು ಬೆಳೆಸಬೇಕಾದುದಿಲ್ಲ. ರಕ್ಷಣಾ ಸಚಿವಾಲಯದ ಬೇಡಿಕೆಗಳ ಆಸರೆಯಿಂದ ಅದು ಬೆಳೆಯಿತು, 2007ರಲ್ಲಿ ನವರತ್ನವೆನಿಸಿತು. ಅದರ ಏಳಿಗೆ ಬೆಂಗಳೂರಿಗೆ ಸಂತೋಷದ ವಿಷಯ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಒಂದೇ ಕೈಗಾರಿಕಾ ತರಬೇತಿ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಕಲಿತ ಇಬ್ಬರು ಹುಡುಗರಲ್ಲಿ ಒಬ್ಬನು ಒಂದು ಹೆಬ್ಬಾಗಿಲನ್ನು ಹೊಕ್ಕನು, ಇನ್ನೊಬ್ಬನು ಪಕ್ಕದ ಹೆಬ್ಬಾಗಿಲನ್ನು. ಯಾವ ಕಾರ್ಖಾನೆಗೆ ಸರ್ಕಾರದ ಬೇಡಿಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದನ್ನು ನಿರ್ಣಯಿಸಿದವರು ಇವರಲ್ಲ. ಲಾಭದ ಅಳತೆಗೋಲಿನಿಂದ ವೇತನವನ್ನು ಅಳೆದಾಗ, ನಡೆಸಿದವರ ಜಾಣತನವನ್ನೂ ನೀತಿ ರೂಪಿಸಿದವರ ಒಲವನ್ನೂ ದುಡಿದವನ ಬೆನ್ನಿನ ಮೇಲೆ ಅಳೆದಂತಾಗುತ್ತದೆ.

ಈ ಅನ್ಯಾಯವನ್ನು ಬೆಂಗಳೂರಿನ ಕಾರ್ಮಿಕರು ಬಹು ಹಿಂದೆಯೇ ಕಂಡುಕೊಂಡಿದ್ದರು. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚಿಯ ವರೆಗೆ 77 ದಿನಗಳ ಕಾಲ ನಡೆದ ಸಾರ್ವಜನಿಕ ಉದ್ಯಮಗಳ ಮಹಾಮುಷ್ಕರವನ್ನು ಹಿರಿಯ ವಾಚಕರು ಮರೆತಿರಲಾರರು. ಎಚ್.ಎಂ.ಟಿ., ಬಿ.ಇ.ಎಲ್., ಎಚ್.ಎ.ಎಲ್., ಐ.ಟಿ.ಐ., ಬಿ.ಇ.ಎಂ.ಎಲ್. ಕಾರ್ಖಾನೆಗಳ ಸಾವಿರ ಸಾವಿರ ಕಾರ್ಮಿಕರು ಅಂದು ಹೊರಗೆ ನಿಂತರು. ಬಿ.ಎಚ್.ಇ.ಎಲ್. ಸಂಸ್ಥೆಯ ಕಾರ್ಮಿಕರಿಗೆ ಸಮಾನವಾದ ವೇತನ ತಮಗೂ ಬೇಕೆಂಬುದು ಅವರ ಮುಖ್ಯ ಕೋರಿಕೆ. ಒಬ್ಬನೇ ಯಜಮಾನನ ಕೈಕೆಳಗೆ ದುಡಿಯುವವರಿಗೆ ಒಂದೇ ಅಳತೆಯಿರಲಿ ಎಂಬುದು ಅದರ ತಿರುಳು. ಬಹುಮಟ್ಟಿಗೆ ಬರಿಗೈಯಲ್ಲಿಯೇ ಅವರು ಕೆಲಸಕ್ಕೆ ಮರಳಬೇಕಾಯಿತು. ಕೋರಿಕೆ ಮಾತ್ರ ಇಂದಿಗೂ ಹಳತಾಗಿಲ್ಲ.

ಬೊಕ್ಕಸದ ಪಕ್ಷದಿಂದ ಹೇಳಬೇಕಾದ ಮಾತೂ ಇದೆ. ಅದನ್ನು ಹೇಳದಿದ್ದರೆ ಈ ಲೇಖನ ಒಕ್ಕಣ್ಣಿನದಾಗುತ್ತದೆ. ಸರ್ಕಾರದ ಹಣವೆಂದರೆ ಉಪ್ಪಿಗೂ ಬೆಂಕಿಪೆಟ್ಟಿಗೆಗೂ ಬೆಲೆ ಕೊಡುವ ಬಡವನ ಹಣ. ಯಾರೂ ಕೊಳ್ಳದ ಗಡಿಯಾರವನ್ನು ಮಾಡುತ್ತಲೇ ಇರಲು ಅವನು ಎಷ್ಟು ಕಾಲ ತೆರಬೇಕು? ಎಚ್.ಎಂ.ಟಿ.ಯ ಸಂಬಳದ ಖರ್ಚಿಗೆಂದು ಸರ್ಕಾರವು ವರ್ಷಾನುವರ್ಷ ಹಣ ಒದಗಿಸಿದುದೂ ಸತ್ಯವೇ. ಹೀಗೆ ಕೊಟ್ಟುದರಲ್ಲಿ ಬಹಳಷ್ಟು ಸಾಲದ ರೂಪದಲ್ಲಿದ್ದುದರಿಂದ ಬಡ್ಡಿ ಬೆಳೆದು ಕಾರ್ಖಾನೆಯ ತಲೆಯ ಮೇಲೆಯೇ ಕುಳಿತುದೂ ಸತ್ಯವೇ. ಸಂಸ್ಥೆಗಳಿಗೂ ಆಯುಸ್ಸುಂಟು. ಮುಚ್ಚಬೇಕಾದುದನ್ನು ಮುಚ್ಚಬಾರದೆಂದು ನಾನು ವಾದಿಸಲಾರೆ. ಮುಚ್ಚುವ ಧೈರ್ಯವೂ ಇಲ್ಲದೆ ನಡೆಸುವ ಮನಸ್ಸೂ ಇಲ್ಲದೆ ಇಪ್ಪತ್ತು ವರ್ಷ ತಳ್ಳಿದುದಕ್ಕೆ ಬೆಲೆ ಕೊಟ್ಟವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಕೊನೆಗೆ 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿಯು ಎಚ್.ಎಂ.ಟಿ. ವಾಚಸ್, ಎಚ್.ಎಂ.ಟಿ. ಚಿನಾರ್ ವಾಚಸ್, ಎಚ್.ಎಂ.ಟಿ. ಬೇರಿಂಗ್ಸ್ ಎಂಬ ಮೂರು ಕಂಪನಿಗಳನ್ನು ಮುಚ್ಚಲು ಒಪ್ಪಿತು. ಉಳಿದಿದ್ದ ನೌಕರರ ಪರಿಹಾರವನ್ನು 2007ರ ವೇತನ ಶ್ರೇಣಿಯಂತೆ ಎಣಿಸತಕ್ಕದ್ದೆಂದು ತೀರ್ಮಾನವಾಯಿತು. ಅವರು ಎಂದೂ ಪಡೆಯದಿದ್ದ ಶ್ರೇಣಿಯಾದುದರಿಂದ ಆಜ್ಞೆಯ ಭಾಷೆಯಲ್ಲಿ ಅದು 'ಕಲ್ಪಿತ' ಶ್ರೇಣಿ. ಇದಕ್ಕೂ ಬಾಕಿಗಳಿಗೂ ಗೊತ್ತುಮಾಡಿದ ಹಣ 427.48 ಕೋಟಿ ರೂಪಾಯಿ. ನಿಂತ ಮುಳ್ಳನ್ನು ಮುಂದಕ್ಕೆ ತಿರುಗಿಸಲು ಸಾಧ್ಯವೆಂಬುದು ಇದರಿಂದ ಸಿದ್ಧವಾಯಿತು. ಆದರೆ ಅದು ತಿರುಗಿದ್ದು ಹೊರಡುವ ದಿನ. ಅದಕ್ಕೆ ಮುಂಚೆಯೇ ಹೊರಬಂದವರ ಲೆಕ್ಕವು ಹಳೆಯ ಶ್ರೇಣಿಯಲ್ಲಿಯೇ ಮುಗಿದುಹೋಗಿತ್ತು. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ.ಯ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. 2024ರಲ್ಲಿ ಅಲ್ಲಿಯ ಭೂಮಿ ಅರಣ್ಯದ್ದೋ ಕಾರ್ಖಾನೆಯದ್ದೋ ಎಂದು ರಾಜ್ಯಕ್ಕೂ ಕೇಂದ್ರಕ್ಕೂ ವಾದವೆದ್ದಿತು. ಗಡಿಯಾರಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುವವರಿದ್ದಾರೆ, ಭೂಮಿ ತಮ್ಮದೆನ್ನುವವರೂ ಇದ್ದಾರೆ. 1,393 ರೂಪಾಯಿಯ ಪಿಂಚಣಿ ಮಾತ್ರ ತನ್ನ ಹೊಣೆಯೆನ್ನುವ ಇಲಾಖೆಯಿಲ್ಲ.

ಇಷ್ಟೂ ಖಾಯಂ ನೌಕರರ ಮಾತಾಯಿತು. ಮಿತವ್ಯಯಕ್ಕೆ ಇದಕ್ಕಿಂತ ಮೌನವಾದ ಮಾರ್ಗವೊಂದಿದೆ: ನಿವೃತ್ತನಾದವನ ಜಾಗವನ್ನು ತುಂಬದಿರುವುದು, ಅದೇ ಕೆಲಸವನ್ನು ಗುತ್ತಿಗೆಯವನಿಂದ ಮಾಡಿಸುವುದು. 2006ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಉಮಾದೇವಿ ಪ್ರಕರಣ ನಮ್ಮ ಕರ್ನಾಟಕದ್ದೇ. ನೇಮಕದ ನಿಯಮಗಳನ್ನು ಅನುಸರಿಸದೆ ದಿನಗೂಲಿಯ ಮೇಲೆ ಬಂದವರಿಗೆ ಖಾಯಮಾತಿಯ ಹಕ್ಕಿಲ್ಲವೆಂದು ಅದು ನಿರ್ಣಯಿಸಿತು. ಹತ್ತು ವರ್ಷ ದುಡಿದ ಕೆಲವರಿಗೆ ಒಂದು ಸಲದ ವಿನಾಯಿತಿಯನ್ನು ಸೂಚಿಸಿತು. ಹಿಂಬಾಗಿಲಿನ ನೇಮಕವನ್ನು ತಡೆಯಬೇಕೆಂಬ ಆಶಯ ಸಾಧುವಾದುದೇ. ಆದರೆ ಸರ್ಕಾರವು ಮುಂಬಾಗಿಲನ್ನು ತೆರೆಯದಿದ್ದರೆ ಜನ ಯಾವ ಬಾಗಿಲಿನಿಂದ ಬರಬೇಕು? ಈ ಗುತ್ತಿಗೆಯವನ ಪಾಲಿಗೆ ನಿಲ್ಲುವುದಕ್ಕೂ ಗಡಿಯಾರವಿಲ್ಲ.

ಮಾಡಬೇಕಾದುದೇನು? ನನ್ನ ಅಲ್ಪಬುದ್ಧಿಗೆ ತೋರಿದ ಮೂರು ಮಾತುಗಳನ್ನು ಹೇಳುತ್ತೇನೆ. ಆಪತ್ಕಾಲದಲ್ಲಿ ನೌಕರನ ಹಣವನ್ನು ತಡೆಹಿಡಿಯಬೇಕಾದರೆ ಸರ್ಕಾರವು ಅದನ್ನು ಉಳಿತಾಯವೆನ್ನದೆ ಸಾಲವೆಂದು ತನ್ನ ಲೆಕ್ಕದಲ್ಲಿ ಬರೆದುಕೊಂಡು, ತೀರಿಸುವ ದಿನವನ್ನು ಅದೇ ಆಜ್ಞೆಯಲ್ಲಿ ಹೇಳಬೇಕು. ನಷ್ಟದ ಉದ್ಯಮದಲ್ಲಿ ವೇತನ ಪರಿಷ್ಕರಣೆ ಸಾಧ್ಯವಾಗದಿದ್ದರೂ ಗ್ರಾಚ್ಯುಟಿಯನ್ನೂ ಸ್ವಯಂನಿವೃತ್ತಿಯ ಪರಿಹಾರವನ್ನೂ ಚಾಲ್ತಿಯಲ್ಲಿರುವ ಶ್ರೇಣಿಯಂತೆಯೇ ಎಣಿಸಬೇಕು. 2016ರಲ್ಲಿ ಮೂರು ಕಂಪನಿಗಳಿಗೆ ಒಗ್ಗಿದ ನ್ಯಾಯ ಉಳಿದವರಿಗೆ ಒಗ್ಗದೆ ಹೋಗಲಾರದು. ನೌಕರರ ಪಿಂಚಣಿ ಯೋಜನೆಯ ಪಿಂಚಣಿಯನ್ನು ಪೇಟೆಯ ಬೆಲೆಗೆ ಕಟ್ಟಬೇಕು. ಈ ಮೂರಕ್ಕೂ ಹಣ ಬೇಕೆಂಬುದನ್ನು ನಾನು ಬಲ್ಲೆ. ಈಗಲೂ ಆ ಹಣವನ್ನು ಯಾರೋ ಕೊಡುತ್ತಲೇ ಇದ್ದಾರೆ. ಬಳೆ ಮಾರಿ, ಹಾಲಿನ ಪಾವು ನಿಲ್ಲಿಸಿ ಕೊಡುತ್ತಿದ್ದಾರೆ. ಆಯವ್ಯಯದ ಪುಸ್ತಕದಲ್ಲಿ ಅವರ ಹೆಸರಿಗೆ ಒಂದು ಸಾಲು ದೊರೆತರೆ ಸರ್ಕಾರದ ಮಿತವ್ಯಯವು ಎಷ್ಟರಮಟ್ಟಿಗೆ ಸರ್ಕಾರದ್ದು, ಎಷ್ಟರಮಟ್ಟಿಗೆ ಅವರದು ಎಂಬುದು ನಮಗೆಲ್ಲರಿಗೂ ತಿಳಿದೀತು.